ಏನಾಯ್ತ್ರೀ ನಿಮಗೆ?

ಮೊನ್ನೆ ನೆಂಟರ ಮದುವೆಯಲ್ಲಿ ಅರಿಸಿನ ಕುಂಕುಮದ ತಟ್ಟೆ ಹಿಡಿದಿದ್ದವರೊಬ್ಬರು ನನ್ನನ್ನು ದಾಟಿ ಮುಂದೆ ಹೋಗಿ, ಮತ್ತೆ ಹಿಂದಕ್ಕೆ ಬಂದು, "ಅಯ್ಯೋ, ನೀವೇನ್ರೀ! ಏನಾಯ್ತ್ರೀ ನಿಮಗೆ? ಶುಗರ್ರಾ?" ಎಂದರು. ಇಲ್ಲ ಅಂದೆ. "ಥೈರಾಯ್ಡಾ?" ಅದೂ ಇಲ್ಲ. ಅವರು ದನಿ ತಗ್ಗಿಸಿ ಇನ್ನೊಂದು ಕಾಯಿಲೆಯ ಹೆಸರು ಹೇಳುವ ಮೊದಲೇ ತಾಂಬೂಲ ತೆಗೆದುಕೊಂಡು ಹೊರಟೆ.

ಇದೇ ಮಹಾತಾಯಿ ನಾಲ್ಕು ವರ್ಷದ ಹಿಂದೆ ಇಂಥದೇ ಛತ್ರದಲ್ಲಿ ನನ್ನ ಎಲೆಗೆ ಬೀಳಲಿದ್ದ ಎರಡನೇ ಹೋಳಿಗೆಗೆ ಕೈ ಅಡ್ಡ ಹಿಡಿದಿದ್ದರು. "ಬೇಡ ಕಣ್ರೀ, ಆಮೇಲೆ ನಿಮಗೇ ಕಷ್ಟ." ಆಗ ನಾನು 94 ಕಿಲೋ. ಈಗ 63. ನಡುವೆ ಹೋದದ್ದು ಒಂದೂವರೆ ವರ್ಷ, ರಾತ್ರಿಯ ಅನ್ನ, ಬೆಳಗಿನ ನಿದ್ದೆ. ಮಂಡಿನೋವು ತಾಳಲಾರದೆ ಮಾಡಿದ್ದು, ಚೆಲುವಿಗಲ್ಲ. ಮೈಯ ತೂಕ 1 ಕಿಲೋ ಇಳಿದರೆ ಹೆಜ್ಜೆ ಹೆಜ್ಜೆಗೂ ಮಂಡಿಯ ಹೊರೆ ಸುಮಾರು 4 ಕಿಲೋ ಇಳಿಯುತ್ತದೆ. ಮೆಟ್ಟಿಲು ಹತ್ತುವಾಗ ಅದು ನನಗೆ ಗೊತ್ತಾಗುತ್ತದೆ. ಅಷ್ಟರಮಟ್ಟಿಗೆ ಸಂತೋಷವೇ.

ಆದರೆ ಮಂಡಿಗೆ ತಿಳಿದದ್ದು ತಲೆಗಿನ್ನೂ ತಿಳಿದಿಲ್ಲ. ಈಗಲೂ ಪ್ಲಾಸ್ಟಿಕ್ ಕುರ್ಚಿಯನ್ನು ಕೈಯಿಂದ ಒತ್ತಿ ನೋಡಿಯೇ ಕೂರುತ್ತೇನೆ. ಬಸ್ಸಿನಲ್ಲಿ ಪಕ್ಕದವರಿಗೆ ತೊಂದರೆಯಾಗದಿರಲೆಂದು ಸೀಟಿನ ಅಂಚಿಗೆ ಜಾರಿರುತ್ತೇನೆ. ನೋಡಿದರೆ ನಡುವೆ ಒಂದು ಮಗು ಕೂರುವಷ್ಟು ಜಾಗ. ಬಟ್ಟೆ ಅಂಗಡಿಯಲ್ಲಿ ಎದುರು ಬಂದವರಿಗೆ ದಾರಿ ಬಿಟ್ಟೆ, ಅದು ಕನ್ನಡಿ. ಬಳೆಯವನ ಹತ್ತಿರ ಎರಡು ಎಂಟು ಕೇಳಿದರೆ "ಎರಡು ನಾಲ್ಕು ಸಾಕಮ್ಮಾ" ಎಂದ. ಬೈಸಿಕೊಂಡವಳಂತೆ ಕೈ ಹಿಂದಕ್ಕೆಳೆದುಕೊಂಡೆ. ಸೀರೆಯೊಳಗೆ ಹೊಟ್ಟೆಯ ಚರ್ಮ ಅಕ್ಕಿ ಸುರಿದಾದ ಮೇಲಿನ ಚೀಲದ ಹಾಗೆ ಜೋತಿದೆ. ವರ್ಷಗಟ್ಟಲೆ ಹಿಗ್ಗಿದ ಚರ್ಮ ಈ ವಯಸ್ಸಿನಲ್ಲಿ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಮೊದಮೊದಲು ತೂಕ ಸರಸರ ಇಳಿದಾಗ ಕೂದಲು ಹಿಡಿ ಹಿಡಿಯಾಗಿ ಉದುರಿತು. ಹಾಗಾಗುವುದುಂಟು, ಮತ್ತೆ ಬರುತ್ತದೆ ಎಂದು ಡಾಕ್ಟರಮ್ಮ ಹೇಳಿದ ಮೇಲೆ ಜೀವ ಬಂತು. 'ಮೊದಲು', 'ನಂತರ' ಎಂದು ಜೋಡಿ ಫೋಟೋ ಹಾಕಿ ಪುಡಿ ಮಾರುವವರು ಇದನ್ನೆಲ್ಲ ಯಾಕೆ ತೋರಿಸುವುದಿಲ್ಲವೋ!

ಇನ್ನು ಹೊಗಳುವವರು. ಕಾಯಿಲೆ ಕೇಳುವವರನ್ನಾದರೂ ಸಹಿಸಬಹುದು. "ಈಗ ನೋಡಿ, ಎಷ್ಟು ಲಕ್ಷಣವಾಗಿದೀರ, ಮನುಷ್ಯರ ಹಾಗೆ!" ಮೊದಲು ಏನಾಗಿದ್ದೆ, ನೀವೇ ಹೇಳಿ. ಆ 94 ಕಿಲೋದ ಹೆಂಗಸು ಎರಡು ಮಕ್ಕಳನ್ನು ಸಾಕಿದಳು, ಹಾಸಿಗೆ ಹಿಡಿದ ಅತ್ತೆಯನ್ನು ಮೂರು ವರ್ಷ ಎತ್ತಿ ಕೂರಿಸಿದಳು. ಆ ತೋಳಿಗೆ ಬಲವಿತ್ತು. ಅವಳನ್ನು ಹಳಿದು ನನ್ನನ್ನು ಹೊಗಳಿದರೆ ನಾನು ಹಲ್ಲು ಕಿರಿದು ಥ್ಯಾಂಕ್ಸ್ ಹೇಳಬೇಕೇ? ಹೇಳಿದ್ದೇನೆ, ಎಷ್ಟೋ ಸಲ. ಅದಕ್ಕೇ ಈಗ ಇಷ್ಟು ಸಿಟ್ಟು.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವನ್ನೂ ಕೊಡುತ್ತೇನೆ. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವ ಸೂತ್ರ ಕೊಟ್ಟವನು 19ನೇ ಶತಮಾನದ ಬೆಲ್ಜಿಯಮ್ಮಿನ ಕೆಟ್ಲೆ. ವೈದ್ಯನಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರದವನು. ಅವನು ಹುಡುಕುತ್ತಿದ್ದುದು ಸಮೂಹದ ಸರಾಸರಿಯನ್ನು, ನನ್ನನ್ನಲ್ಲ. 2009ರಲ್ಲಿ ನಮ್ಮ ದೇಶದ ತಜ್ಞರು 25 ದಾಟಿದರೆ ಬೊಜ್ಜು ಎಂದು ಗೊತ್ತುಮಾಡಿದರು. 155 ಸೆಂಟಿಮೀಟರಿನ ನನಗೆ ಇವತ್ತಿಗೂ 26 ಬರುತ್ತದೆ. ಅಲ್ಲಿಗೆ ಛತ್ರದವರ ಕಣ್ಣಿಗೆ ರೋಗಿಷ್ಠೆ, ಕಾಗದದ ಮೇಲೆ ಬೊಜ್ಜಿನವಳು. ಮೈ ಮಾತ್ರ ಒಂದೇ! ಅದರ ಸಕ್ಕರೆ, ರಕ್ತದೊತ್ತಡಗಳನ್ನು ನಾನೂ ಡಾಕ್ಟರಮ್ಮನೂ ನೋಡಿಕೊಳ್ಳುತ್ತೇವೆ. ನೀವು ಊಟ ಆಯಿತಾ ಕೇಳಿ, ಮಗಳ ಓದು ಕೇಳಿ, ನಿಮ್ಮ ಕಡೆ ಮಳೆ ಬಂತು ಅಂತ ಹೇಳಿ.

ಹಳೆಯ ರವಿಕೆಗಳನ್ನೆಲ್ಲ ಹಿಡಿಸಲು ಕೊಟ್ಟಿದ್ದೆ. ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಹುಡುಗಿ ಟೇಪನ್ನು ಕೊರಳಿಗೆ ಹಾಕಿಕೊಂಡು, "ಒಳಗೆ ಬಟ್ಟೆ ಬಿಡ್ಲಾ ಅಕ್ಕ, ಕತ್ತರಿಸಿಬಿಡ್ಲಾ?" ಎಂದು ಕೇಳಿ ಸುಮ್ಮನೆ ನಿಂತಳು. ಇಷ್ಟು ದಿನದಲ್ಲಿ ಕೇಳಿದ ಮೇಲೆ ಉತ್ತರಕ್ಕೆ ಕಾದವಳು ಅವಳೊಬ್ಬಳೇ.

"ಎರಡು ಬೆರಳು ಬಿಡಮ್ಮ" ಎಂದೆ.