ಆಸನವಿತ್ತರೆ ಸಾಲದು

ಡಿಸೆಂಬರ್ 3 ವಿಶ್ವ ವಿಕಲಚೇತನರ ದಿನ. ವಿಶ್ವಸಂಸ್ಥೆಯು 1992ರಲ್ಲಿ ಇದನ್ನು ಘೋಷಿಸಿತು. ಅಂದು ನಮ್ಮ ಕಚೇರಿಗಳಲ್ಲಿ ಹಾರ, ಶಾಲು, ಭಾಷಣಗಳಿಗೆ ಕೊರತೆಯಿರುವುದಿಲ್ಲ. ಸನ್ಮಾನವನ್ನು ನಾನು ಹಳಿಯುವವನಲ್ಲ. ಆದರೆ ಮರುದಿನ ಆ ಸನ್ಮಾನಿತರು ತಮ್ಮ ಮೇಜಿನವರೆಗೆ ಹೋಗುವ ದಾರಿ ಹೇಗಿದೆ ಎಂಬುದನ್ನು ವಿಚಾರಿಸುವವರು ವಿರಳ.

ಕಾನೂನು ಸುಮ್ಮನಿಲ್ಲ. 1995ರ ಅಧಿನಿಯಮವು ಸರ್ಕಾರಿ ಹುದ್ದೆಗಳಲ್ಲಿ ಶೇಕಡ 3ರಷ್ಟನ್ನು ಕಾದಿರಿಸಿತು. 2016ರ ಅಧಿನಿಯಮವು ಅದನ್ನು ಶೇಕಡ 4ಕ್ಕೆ ಏರಿಸಿ, ವಿಕಲತೆಯ ಪ್ರಭೇದಗಳನ್ನು 7ರಿಂದ 21ಕ್ಕೆ ವಿಸ್ತರಿಸಿತು. ಅಂಗವಿಕಲರೆಂಬ ಹೆಸರನ್ನೂ ನಾವು ವಿಕಲಚೇತನರೆಂದು ತಿದ್ದಿಕೊಂಡೆವು. ಇವು ಸಣ್ಣ ಮಾತುಗಳಲ್ಲ. ಆದರೆ ಎಣಿಕೆಯು ಸುಲಭ. ಪಟ್ಟಿಯಲ್ಲಿ ಹೆಸರು ಸೇರಿದೊಡನೆ ಧರ್ಮ ತೀರಿತೆಂದು ಭಾವಿಸುವುದು ಅದಕ್ಕಿಂತಲೂ ಸುಲಭ.

ಹೆಬ್ಬಾಗಿಲಿಗೆ ಇಳಿಜಾರು ಇರುತ್ತದೆ. ಸಭೆ ನಡೆಯುವುದು ಮಾತ್ರ ಲಿಫ್ಟಿಲ್ಲದ ಮೇಲಂತಸ್ತಿನಲ್ಲಿ. ಗಾಲಿಕುರ್ಚಿ ಕಚೇರಿಯೊಳಕ್ಕೆ ಬರುತ್ತದೆ, ಶೌಚಾಲಯದೊಳಕ್ಕೆ ಹೋಗದು. ದೃಷ್ಟಿಯಿಲ್ಲದ ನೌಕರನ ಗಣಕಯಂತ್ರದಲ್ಲಿ ಬರಹವನ್ನು ಓದಿ ಹೇಳುವ ತಂತ್ರಾಂಶವುಂಟು; ಸುತ್ತೋಲೆಗಳಾದರೋ ಅದು ಓದಲಾರದ ಛಾಯಾಚಿತ್ರಗಳಾಗಿ ಬರುತ್ತವೆ. ಇನ್ನು, "ಪಾಪ, ಅವರಿಗೇಕೆ ತೊಂದರೆ?" ಎಂದು ಹೊಣೆಯ ಕೆಲಸಗಳನ್ನು ಅವರಿಂದ ತಪ್ಪಿಸುತ್ತೇವೆ. ಬಡ್ತಿಯ ಕಾಲ ಬಂದಾಗ ಅದೇ ನಾವು, ಅವರಿಗೆ ಅನುಭವ ಸಾಲದೆನ್ನುತ್ತೇವೆ. ಹೀಗೆ ಇಂದಿನ ಕರುಣೆಯೇ ನಾಳಿನ ಅನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ.

ಇಷ್ಟೆಲ್ಲ ಸೌಕರ್ಯಕ್ಕೆ ಹಣವೆಲ್ಲಿ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೆ: ಮೆಟ್ಟಿಲೂ ಒಂದು ಸೌಕರ್ಯವೇ, ನಡೆಯಬಲ್ಲವರಿಗಾಗಿ ಕಟ್ಟಿದ್ದು. ದೀಪವೂ ಸೌಕರ್ಯವೇ, ಕಣ್ಣುಳ್ಳವರಿಗಾಗಿ ಹಚ್ಚಿದ್ದು. ಇವುಗಳ ವೆಚ್ಚವನ್ನು ಯಾರೂ ಉಪಕಾರದ ಲೆಕ್ಕದಲ್ಲಿ ಬರೆದಿಟ್ಟಿಲ್ಲ. ಉಳಿದವರ ಅಗತ್ಯ ಬಂದಾಗ ಮಾತ್ರ ಅದು ದಾನವಾಗುವುದೇಕೆ?

ನ್ಯಾಯಾಲಯದ ಮಾತೂ ಇದೇ. ಕೈ ಸಹಕರಿಸದ ಅಭ್ಯರ್ಥಿಯೊಬ್ಬರಿಗೆ ಪರೀಕ್ಷೆಯಲ್ಲಿ ಲಿಪಿಕಾರನ ನೆರವು ಹಕ್ಕಿನ ವಿಷಯವೆಂದು ಸುಪ್ರೀಂ ಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಕಟ್ಟಡ, ಸಾರಿಗೆ, ಮಾಹಿತಿಗಳು ಎಲ್ಲರಿಗೂ ಎಟಕುವಂತಿರಬೇಕೆಂಬುದು ಬರಿಯ ಸಲಹೆಯಾಗಿ ಉಳಿಯಲಾಗದೆಂದೂ, ಕಡ್ಡಾಯವಾದ ಮಾನದಂಡಗಳು ಬೇಕೆಂದೂ 2024ರ ನವೆಂಬರಿನಲ್ಲಿ ಅದೇ ನ್ಯಾಯಾಲಯ ಹೇಳಿತು.

ಆದರೆ ನ್ಯಾಯಾಲಯವು ಪ್ರತಿಯೊಂದು ಕಚೇರಿಯ ಬಾಗಿಲನ್ನೂ ಅಳೆಯಲಾರದು. ಆ ಅಳತೆ ನಮ್ಮದು. ಎಷ್ಟು ಮಂದಿಯನ್ನು ನೇಮಿಸಿದಿರಿ ಎಂಬ ಪ್ರಶ್ನೆಯೊಡನೆ ಇನ್ನೆರಡನ್ನು ಕೇಳೋಣ: ಅವರಲ್ಲಿ ಎಷ್ಟು ಮಂದಿ ಮೇಲಿನ ಹುದ್ದೆಗೇರಿದ್ದಾರೆ? ಅವರ ಅನುಕೂಲವನ್ನು ಗೊತ್ತುಮಾಡುವಾಗ ಅವರನ್ನೇ ಕೇಳಿದ್ದೀರಾ? ತನ್ನ ದಿನದ ಕೆಲಸವನ್ನು ಯಾರ ಹಂಗೂ ಇಲ್ಲದೆ ಮಾಡಿ, ತಪ್ಪಿದರೆ ಎಲ್ಲರಂತೆ ಬೈಸಿಕೊಂಡು, ಗೆದ್ದರೆ ಎಲ್ಲರಂತೆ ಮೇಲೇರುವ ಅವಕಾಶ ಮನುಷ್ಯನಿಗೆ ದೊರೆತಾಗಲೇ ಅವನಿಗೆ ಸ್ಥಾನ ದೊರೆಯಿತೆನ್ನಬಹುದು. ಅಲ್ಲಿಯವರೆಗೆ ನಾವು ಕೊಟ್ಟದ್ದು ಕುರ್ಚಿಯೊಂದೇ.