ಕತ್ತರಿಗೆ ಮೊದಲು ಪ್ರಶ್ನೆ

ಹೊಸದಾಗಿ ಸಲೂನ್ ಸೇರಿದವರಿಗೆ ಹಿರಿಯರು ಕೊಡುವ ಮೊದಲ ಸಲಹೆ ಸಾಮಾನ್ಯವಾಗಿ ಒಂದೇ: 'ಗಿರಾಕಿ ಜೊತೆ ಸ್ವಲ್ಪ ಮಾತಾಡು.' ಸಂಕೋಚದ ಸ್ವಭಾವದವರಿಗೆ ಇದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಹರಟೆ ಬಾರದಿರುವುದೇ ತಮ್ಮ ಕೊರತೆ ಎಂದು ಅವರು ನಂಬುತ್ತಾರೆ. ಮಳೆ, ಟ್ರಾಫಿಕ್, ಕ್ರಿಕೆಟ್ ಎಂದು ತಡವರಿಸಿ, ಕೇಳಲೇಬೇಕಾದದ್ದನ್ನು ಕೇಳದೆ ಕತ್ತರಿ ಹಿಡಿಯುತ್ತಾರೆ.

ಊರಿನ ಕ್ಷೌರದಂಗಡಿಯಲ್ಲಿ ಕಸುಬು ತಂದೆಯಿಂದ ಮಗನಿಗೆ ಬರುತ್ತಿತ್ತು. ಅದರ ಜೊತೆಗೇ ಗಿರಾಕಿಗಳೂ ಬರುತ್ತಿದ್ದರು. ಯಾರ ತಲೆಯಲ್ಲಿ ಎರಡು ಸುಳಿ, ಯಾರಿಗೆ ಕಿವಿಯ ಮೇಲೆ ಕೂದಲು ಬಿದ್ದರೆ ಸಿಟ್ಟು ಎಂಬುದು ಹುಡುಗನಿಗೆ ಮೊದಲೇ ಗೊತ್ತಿರುತ್ತಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟೂ ಇತ್ತು, ಅವಮಾನವೂ ಇತ್ತು, ಅದು ಮರಳಬೇಕಾಗಿಲ್ಲ. ಆದರೆ ಅದು ತಾನಾಗಿ ಕೊಡುತ್ತಿದ್ದ ಪರಿಚಯ ಈಗ ಇಲ್ಲ. ಕಲಬುರಗಿಯಿಂದ ಪುಣೆಗೆ, ಉಡುಪಿಯಿಂದ ಮುಂಬೈಗೆ ಹೋಗಿ ಸಲೂನ್ ಸೇರಿದವರ ಮುಂದೆ ಕೂರುವುದು ಅಪರಿಚಿತ ತಲೆ. ಮಾತೋ ಹಿಂದಿಯಲ್ಲಿ, ಮರಾಠಿಯಲ್ಲಿ ಆಗಬೇಕು. ಹೊರಗಿನವರಿಗೆ ಸಂಕೋಚವಾಗಿ ಕಾಣುವುದು ಎಷ್ಟೋ ಸಲ ಭಾಷೆಯ ಅಂಜಿಕೆ.

ಇವರಿಗೆ ಬೇಕಾದದ್ದು ವಾಚಾಳಿತನವಲ್ಲ, ನಾಲ್ಕು ಪ್ರಶ್ನೆಗಳು. ಕಳೆದ ಸಲದ ಕಟಿಂಗ್‌ನಲ್ಲಿ ಯಾವುದು ಹಿಡಿಸಲಿಲ್ಲ? ಬೆಳಿಗ್ಗೆ ತಲೆ ಬಾಚಿಕೊಳ್ಳಲು ಎಷ್ಟು ಹೊತ್ತು ಸಿಗುತ್ತದೆ? ಎಷ್ಟು ಕತ್ತರಿಸಬೇಕು, ಬೆರಳಲ್ಲಿ ತೋರಿಸುತ್ತೀರಾ? ಯಾವ ಭಾಗ ಮುಟ್ಟಬಾರದು? ಉತ್ತರ ಕೇಳಿದ ಮೇಲೆ ಅದನ್ನೇ ಒಮ್ಮೆ ತಿರುಗಿ ಹೇಳಿ ಒಪ್ಪಿಗೆ ಪಡೆದರೆ ಆಯಿತು. ಇಷ್ಟನ್ನು ಯಾವ ಭಾಷೆಯಲ್ಲಾದರೂ ಒಂದು ವಾರದಲ್ಲಿ ಬಾಯಿಪಾಠ ಮಾಡಬಹುದು.

ಇದು ಬರೀ ಉಪಚಾರದ ಮಾತಲ್ಲ. ಗಿರಾಕಿಯ 'ಎರಡು ಇಂಚು' ಟೇಪಿನ ಎರಡು ಇಂಚು ಆಗಿರಬೇಕೆಂದಿಲ್ಲ. ಬೆರಳು ತೋರಿಸಿದರೆ ಸಂಶಯ ಉಳಿಯದು. ಗುಂಗುರು ಕೂದಲು ಒದ್ದೆಯಾಗಿದ್ದಾಗ ಉದ್ದ ಕಾಣುತ್ತದೆ, ಒಣಗಿದ ಮೇಲೆ ಮೇಲಕ್ಕೆ ಸುರುಳಿಕೊಳ್ಳುತ್ತದೆ. ಸುಳಿಯ ಬಳಿ ತೀರಾ ಗಿಡ್ಡ ಮಾಡಿದರೆ ಕೂದಲು ನೆಟ್ಟಗೆ ನಿಲ್ಲುತ್ತದೆ. ತಲೆಗೂದಲು ಬೆಳೆಯುವುದು ತಿಂಗಳಿಗೆ ಸುಮಾರು ಅರ್ಧ ಇಂಚು. ಅಂದರೆ ಎರಡು ಇಂಚಿನ ತಪ್ಪು ತುಂಬಿಕೊಳ್ಳಲು ನಾಲ್ಕು ತಿಂಗಳು ಬೇಕು. ಇದು ತಿಳಿದವರು ಮೊದಲು ಕಡಿಮೆ ಕತ್ತರಿಸಿ, ಕನ್ನಡಿಯಲ್ಲಿ ತೋರಿಸಿ, 'ಇನ್ನೂ ಸ್ವಲ್ಪ ಬೇಕೇ?' ಎನ್ನುತ್ತಾರೆ. ಧೈರ್ಯ ಹುಟ್ಟುವುದು ಇಂಥ ಹತ್ತಾರು ಸಣ್ಣ ಒಪ್ಪಿಗೆಗಳಿಂದ. ಅದಾದ ಮೇಲೆ ಮೌನವಾಗಿ ಕೆಲಸ ಮಾಡಿದರೆ ತಪ್ಪೇನಿಲ್ಲ. ಆ ಅರ್ಧ ಗಂಟೆ ಸುಮ್ಮನೆ ಕೂರಲೆಂದೇ ಬರುವ ಗಿರಾಕಿಗಳೂ ಇದ್ದಾರೆ.

ಇಷ್ಟೆಲ್ಲ ಕೇಳಿದರೆ ಕೆಲಸ ಬಾರದವರೆಂದು ಗಿರಾಕಿ ತಿಳಿಯುತ್ತಾರೆ ಎಂಬ ಆಕ್ಷೇಪವಿದೆ. ಅಳತೆ ತೆಗೆದುಕೊಳ್ಳುವ ದರ್ಜಿಯನ್ನು ಹಾಗೆಂದು ಯಾರೂ ಅನುಮಾನಿಸುವುದಿಲ್ಲ; ಅಳತೆಯಿಲ್ಲದೆ ಬಟ್ಟೆ ಕತ್ತರಿಸುವವನನ್ನು ಕಂಡರೆ ಗಾಬರಿಯಾಗುತ್ತದೆ.

ಹಾಗೆಂದು ಎಲ್ಲ ಭಾರವನ್ನೂ ಹೊಸಬರ ಮೇಲೆ ಹೊರಿಸುವುದು ನ್ಯಾಯವಲ್ಲ. ಭಾನುವಾರದ ನೂಕುನುಗ್ಗಲಿನಲ್ಲಿ ಅವರನ್ನು ಕುರ್ಚಿಯ ಹಿಂದೆ ನಿಲ್ಲಿಸಿ, 'ಬೇಗ ಮುಗಿಸು' ಎನ್ನುವ ಮಾಲೀಕರು ಪ್ರಶ್ನೆಗೆ ಜಾಗವನ್ನೇ ಉಳಿಸುವುದಿಲ್ಲ. ಮಂಗಳವಾರ, ಅಮಾವಾಸ್ಯೆಯಂದು ಕೂದಲು ಕತ್ತರಿಸಿಕೊಳ್ಳಬಾರದೆನ್ನುವವರು ಇಂದಿಗೂ ಬಹಳ. ಕುರ್ಚಿ ಖಾಲಿ ಬೀಳುವ ಅಂಥ ದಿನಗಳೇ ಕಲಿಸಲು ಸೂಕ್ತ. ಅದಕ್ಕೂ ಮೊದಲು ಕೆಲವು ವಾರ ತಲೆ ತೊಳೆಯುವ ಕೆಲಸ ಕೊಡಲಿ. 'ನೀರಿನ ಬಿಸಿ ಸಾಕೇ?' ಎಂದು ಕೇಳಿ, ಉತ್ತರದಂತೆ ನಲ್ಲಿ ತಿರುಗಿಸುವುದು ಈ ಕಸುಬಿನ ಮೊದಲ ಪಾಠ.

ಗಿರಾಕಿಗಳಿಗೂ ಒಂದು ಹೊಣೆಯಿದೆ. 'ನೀವೇ ನೋಡಿ ಮಾಡಿ' ಎಂದು ಫೋನಿಗೆ ತಲೆ ಬಗ್ಗಿಸಿ, ಕೊನೆಗೆ ಕನ್ನಡಿ ನೋಡಿ ಮುಖ ಸಿಂಡರಿಸುವುದಕ್ಕಿಂತ, ಕೇಳಿದ ಪ್ರಶ್ನೆಗೆ ತಲೆಯೆತ್ತಿ ಉತ್ತರ ಕೊಡಬಹುದು. ಅದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ.