ನಾಯಿಮರಿಯ ಮೊದಲ ಎಂಟು ವಾರ: ಬೆಲೆ ಯಾವುದಕ್ಕೆ?

ನಗರಗಳಲ್ಲಿ ನಾಯಿ ಸಾಕುವ ಹವ್ಯಾಸ ಬೆಳೆದಂತೆ ನಾಯಿಮರಿಗಳ ಮಾರಾಟವೂ ಗಣನೀಯ ವ್ಯವಹಾರವಾಗಿ ರೂಪುಗೊಂಡಿದೆ. ಆಹಾರ, ಔಷಧ, ಪಶುವೈದ್ಯಕೀಯ ಸೇವೆ, ತರಬೇತಿ ಮುಂತಾದ ಹಲವು ಉದ್ಯಮಗಳು ಇದನ್ನು ಆಶ್ರಯಿಸಿ ನಿಂತಿವೆ. ಆದರೆ ಈ ಸರಪಳಿಯ ಮೊದಲ ಕೊಂಡಿಯಾದ ತಳಿ ಸಾಕಣೆಯು ಇಂದಿಗೂ ಬಹುಮಟ್ಟಿಗೆ ರಸೀದಿಯಿಲ್ಲದ, ದಾಖಲೆಯಿಲ್ಲದ, ಬಾಯಿಮಾತಿನ ವ್ಯಾಪಾರವಾಗಿಯೇ ಉಳಿದಿದೆ. ಇದರ ನಷ್ಟವನ್ನು ಕೊಳ್ಳುವವನು, ಮೂಕಪ್ರಾಣಿ ಹಾಗೂ ಪ್ರಾಮಾಣಿಕ ಸಾಕಣೆದಾರ ಈ ಮೂವರೂ ಅನುಭವಿಸುತ್ತಿದ್ದಾರೆ. ಈ ಸ್ಥಿತಿಯನ್ನು ಬದಲಿಸುವ ಹೊಣೆ ಸರ್ಕಾರದ್ದಷ್ಟೇ ಎಂದು ವ್ಯಾಪಾರ ವಲಯವು ಕೈಕಟ್ಟಿ ಕುಳಿತಿರುವುದು ಸರಿಯಲ್ಲ.

ಕಾಣದ ಖರ್ಚು

ನಾಯಿಯ ಗರ್ಭಾವಧಿ ಸುಮಾರು 63 ದಿನ. ಮರಿಗಳು ತಾಯಿಯ ಬಳಿ ಎಂಟು ವಾರವಿರಬೇಕೆಂದಾದರೆ ಒಂದು ಸೂಲಿನ ಹಿಂದೆ ಹೆಚ್ಚುಕಡಿಮೆ 17 ವಾರಗಳ ದುಡಿಮೆಯಿರುತ್ತದೆ. ಮೊದಲ ಮೂರು ವಾರ ಮರಿಗಳಿಗೆ ತಾಯಿಯ ಹಾಲೇ ಸರ್ವಸ್ವ. ಸಾಕಣೆದಾರನ ವೆಚ್ಚ ಮುಖ್ಯವಾಗಿ ತಾಯಿಯ ಪೋಷಣೆಗೆ ಸೀಮಿತ. ನಾಲ್ಕನೆಯ ವಾರದ ಸುಮಾರಿಗೆ ಹಾಲು ಸಾಲದಾಗಿ ಮೇಲಾಹಾರ ಆರಂಭವಾಗಬೇಕು. ಎರಡು ವಾರ ತುಂಬಿದಾಗಿನಿಂದ ಹದಿನೈದು ದಿನಗಳಿಗೊಮ್ಮೆ ಜಂತುನಾಶಕ ಕೊಡಬೇಕು. ಆರರಿಂದ ಎಂಟು ವಾರಗಳ ನಡುವೆ ಪಾರ್ವೊ, ಡಿಸ್ಟೆಂಪರ್ ಮೊದಲಾದ ಮಾರಕ ರೋಗಗಳ ವಿರುದ್ಧ ಮೊದಲ ಲಸಿಕೆ ಹಾಕಿಸಬೇಕು.

ಹೀಗಾಗಿ ವೆಚ್ಚ ಏರುವುದು ಕೊನೆಯ ನಾಲ್ಕು ವಾರಗಳಲ್ಲಿ. ಐದನೆಯ ವಾರಕ್ಕೇ ಮರಿಯನ್ನು ಮಾರಿದವನಿಗೆ ಈ ಹಣವೆಲ್ಲ ಉಳಿಯುತ್ತದೆ. ಮರಿಯು ಪುಟ್ಟದಾಗಿ ಮುದ್ದಾಗಿ ಕಾಣುವುದರಿಂದ ಕೊಳ್ಳುವವರೂ ಬೇಗ ಸಿಗುತ್ತಾರೆ. ಎಳೆಯದಿದ್ದಾಗ ತಂದರೆ ಮನೆಗೆ ಚೆನ್ನಾಗಿ ಒಗ್ಗುತ್ತದೆ ಎಂಬ ಜನಸಾಮಾನ್ಯರ ನಂಬಿಕೆಯೂ ಇಂಥವರಿಗೆ ಅನುಕೂಲವಾಗಿಯೇ ಪರಿಣಮಿಸಿದೆ.

ಆದರೆ ವಿಜ್ಞಾನ ಇದನ್ನು ಒಪ್ಪುವುದಿಲ್ಲ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ದೀರ್ಘಕಾಲ ಅಧ್ಯಯನ ನಡೆಸಿದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅವರು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿಯೇ ನಾಯಿಯ ಸಾಮಾಜಿಕ ಸ್ವಭಾವ ರೂಪುಗೊಳ್ಳುವ ಕಾಲವೆಂದು ಗುರುತಿಸಿದರು. ಈ ಅವಧಿಯ ಮೊದಲರ್ಧವನ್ನು ಮರಿಯು ತಾಯಿ ಮತ್ತು ಒಡಹುಟ್ಟುಗಳೊಡನೆ ಕಳೆಯಬೇಕು. ಆಟದಲ್ಲಿ ಗಟ್ಟಿಯಾಗಿ ಕಚ್ಚಿದರೆ ಜೊತೆಯ ಮರಿ ಕಿರುಚಿ ಆಟ ಬಿಡುತ್ತದೆ. ಹಲ್ಲಿನ ಬಿಗಿಯನ್ನು ಹಿಡಿತದಲ್ಲಿಡುವ ಪಾಠ ಮರಿಗೆ ಸಿಗುವುದು ಅಲ್ಲಿಯೇ. ಅದೇ ದಿನಗಳಲ್ಲಿ ಮನುಷ್ಯರ ಕೈಸ್ಪರ್ಶ, ಮಕ್ಕಳ ಗದ್ದಲ, ಪಾತ್ರೆಯ ಸದ್ದು, ವಾಹನದ ಶಬ್ದ ಇವುಗಳ ಪರಿಚಯವಾಗಬೇಕು. ಕತ್ತಲೆಯ ಗೂಡಿನಲ್ಲಿ ಕೂಡಿಹಾಕಿ ಬೆಳೆಸಿದ ಮರಿಯು ಮುಂದೆ ಅಂಜುಬುರುಕವಾಗಿ, ಅಂಜಿಕೆಯಿಂದಲೇ ಕಚ್ಚುವ ನಾಯಿಯಾಗುವ ಸಂಭವ ಹೆಚ್ಚು.

ಸಮಗ್ರ ಪಾಲನೆ ಎಂದರೇನು?

‘ಸಮಗ್ರ ಪಾಲನೆ’ ಎಂಬ ಮಾತು ಜಾಹೀರಾತುಗಳಲ್ಲಿ ಬಳಕೆಯಾಗುತ್ತಿದೆ. ಕೆಲವರ ಬಾಯಲ್ಲಿ ಅದಕ್ಕೆ ಲಸಿಕೆ ಬೇಡ, ಔಷಧ ಬೇಡ ಎಂಬ ಅರ್ಥವೂ ಬಂದುಬಿಟ್ಟಿದೆ. ಇದು ಅಪಾಯಕಾರಿ ಅಪಾರ್ಥ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬೀಸ್ ರೋಗದಿಂದ ಬದುಕಿ ಉಳಿಯುವುದು ಅತ್ಯಂತ ವಿರಳ. ಹೀಗಿರುವಾಗ ಮೂರು ತಿಂಗಳ ವಯಸ್ಸಿಗೆ ಆ ಲಸಿಕೆ ಹಾಕಿಸದ ಪಾಲನೆಯನ್ನು ಸಮಗ್ರವೆನ್ನಲಾಗದು. ತಾಯಿಯಿಂದ ಬಂದ ರೋಗನಿರೋಧಕ ಅಂಶಗಳು ಮೊದಲ ಲಸಿಕೆಗಳ ಪರಿಣಾಮವನ್ನು ತಗ್ಗಿಸುವುದರಿಂದ 16 ವಾರಗಳವರೆಗೆ ಪಾರ್ವೊ ಮುಂತಾದ ಲಸಿಕೆಗಳನ್ನು ಪುನರಾವರ್ತಿಸಬೇಕಾಗುತ್ತದೆ. ಆ ಸರಣಿ ಸಾಕಣೆದಾರನಲ್ಲಿ ಆರಂಭವಾಗಿ ಕೊಂಡವನ ಮನೆಯಲ್ಲಿ ಮುಗಿಯುತ್ತದೆ. ಆದ್ದರಿಂದ ಲಸಿಕೆಯ ದಾಖಲೆಯೂ ಮರಿಯೊಡನೆಯೇ ಹೋಗಬೇಕು.

ಆಹಾರ, ಆರೋಗ್ಯ, ಸಹವಾಸ, ವ್ಯಾಯಾಮ ಮತ್ತು ತಂದೆತಾಯಿಯ ಗುಣ ಈ ಐದನ್ನೂ ಒಟ್ಟಾಗಿ ಪರಿಗಣಿಸುವುದೇ ನಿಜವಾದ ಸಮಗ್ರತೆ. ಹಾಲು-ರೊಟ್ಟಿಯಷ್ಟರಿಂದಲೇ ಬೆಳೆಯುವ ಮರಿಗೆ ಸಾಕಷ್ಟು ಪ್ರೋಟೀನ್ ದೊರೆಯದು. ಹಾಗೆಂದು ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಪುಡಿಯನ್ನು ಲೆಕ್ಕವಿಲ್ಲದೆ ತಿನ್ನಿಸಿದರೆ ಎಲುಬುಗಳು ವಿಕಾರವಾಗಿ ಬೆಳೆಯುತ್ತವೆ. ಜರ್ಮನ್ ಶೆಪರ್ಡ್, ಲ್ಯಾಬ್ರಡಾರ್ ತಳಿಗಳಲ್ಲಿ ಸೊಂಟದ ಕೀಲಿನ ದೋಷ ವಂಶಪಾರಂಪರ್ಯವಾಗಿ ಬರುವುದುಂಟು. ತಂದೆತಾಯಿಯ ಎಕ್ಸ್-ರೇ ತಪಾಸಣೆ ಮಾಡಿಸದೆ ಮರಿ ಪಡೆಯುವವನು ಆ ದೋಷವನ್ನೂ ಮಾರುತ್ತಿರಬಹುದು.

ಅಗ್ಗದ ಮರಿ ಒಳ್ಳೆಯ ಮರಿಯನ್ನು ಓಡಿಸುತ್ತದೆ

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ತಮ್ಮ ಪ್ರಬಂಧದಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿ ಒಂದು ತತ್ತ್ವವನ್ನು ಪ್ರತಿಪಾದಿಸಿದರು. ಸರಕಿನ ಗುಣ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ, ಕೊಳ್ಳುವವನು ಎಲ್ಲಕ್ಕೂ ಸರಾಸರಿ ಬೆಲೆಯನ್ನಷ್ಟೇ ಕೊಡಲು ಸಿದ್ಧನಾಗುತ್ತಾನೆ. ಆ ಬೆಲೆ ಗಿಟ್ಟದೆ ಒಳ್ಳೆಯ ಸರಕಿನವನು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾನೆ. 2001ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೆಯಾದುದು ಇಂತಹ ಮಾರುಕಟ್ಟೆಗಳ ವಿಶ್ಲೇಷಣೆಗಾಗಿಯೇ. ನಾಯಿಮರಿಯ ವ್ಯಾಪಾರಕ್ಕೆ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ. ಎಂಟು ವಾರ ಸಾಕಿದವನ ಮರಿಗೂ ಐದು ವಾರಕ್ಕೆ ದಲ್ಲಾಳಿಯ ಕೈಗೆ ಕೊಟ್ಟವನ ಮರಿಗೂ ಫೋಟೋದಲ್ಲಿ ವ್ಯತ್ಯಾಸ ಕಾಣದು. ವ್ಯತ್ಯಾಸ ತಿಳಿಯುವುದು ತಿಂಗಳುಗಳ ಅನಂತರ, ಪಶುವೈದ್ಯರ ಬಿಲ್ಲಿನಲ್ಲಿ.

ಕಾನೂನು ಇದೆ, ಬಳಕೆ ಬೇಕು

ಕಾನೂನಿನ ಕೊರತೆಯಿದೆ ಎನ್ನುವಂತಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2017ರಲ್ಲಿ ಕೇಂದ್ರ ಸರ್ಕಾರವು ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳನ್ನೂ, 2018ರಲ್ಲಿ ಸಾಕುಪ್ರಾಣಿ ಅಂಗಡಿಗಳ ನಿಯಮಗಳನ್ನೂ ಜಾರಿಗೊಳಿಸಿತು. ಅವುಗಳ ಪ್ರಕಾರ ಸಾಕಣೆದಾರನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು; ಎಂಟು ವಾರ ತುಂಬದ ಮರಿಯನ್ನು ಮಾರಕೂಡದು; ಮೈಕ್ರೋಚಿಪ್ ಅಳವಡಿಸಬೇಕು; 18 ತಿಂಗಳು ತುಂಬದ ಹೆಣ್ಣುನಾಯಿಯಿಂದ ಮರಿ ಪಡೆಯಕೂಡದು; ಜೀವಮಾನದಲ್ಲಿ ಐದು ಸೂಲುಗಳನ್ನು ಮೀರಕೂಡದು. ನಿಯಮಗಳು ವಿವೇಕಯುತವಾಗಿವೆ. ಆದರೆ ಕೊಳ್ಳುವವರು ನೋಂದಣಿ ಪತ್ರವನ್ನು ಕೇಳುವ ರೂಢಿ ಬೆಳೆಯದ ಹೊರತು ಅವು ಕಾಗದದ ಮೇಲೆಯೇ ಉಳಿಯುತ್ತವೆ.

ವ್ಯಾಪಾರ ವಲಯವು ತಾನೇ ಶಿಸ್ತು ತಂದುಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೆ 2024ರ ಪ್ರಸಂಗವೇ ಸಾಕ್ಷಿ. ನಾಯಿ ಕಡಿತದ ದೂರುಗಳ ಹಿನ್ನೆಲೆಯಲ್ಲಿ ಆ ವರ್ಷದ ಮಾರ್ಚ್‌ನಲ್ಲಿ ಕೇಂದ್ರವು 23 ತಳಿಗಳನ್ನು ‘ಅಪಾಯಕಾರಿ’ಯೆಂದು ಪಟ್ಟಿಮಾಡಿ ಅವುಗಳ ಸಾಕಣೆ ಹಾಗೂ ಮಾರಾಟಕ್ಕೆ ಪರವಾನಗಿ ನೀಡದಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಸ್ವಭಾವವು ತಳಿಯ ಹೆಸರಿನಷ್ಟೇ ಪಾಲನೆಯನ್ನೂ ಅವಲಂಬಿಸಿದೆಯೆಂದು ತೋರಿಸಬಲ್ಲ ದಾಖಲೆಗಳು ಉದ್ಯಮದ ಕೈಯಲ್ಲಿದ್ದಲ್ಲಿ ಸಾರಾಸಗಟು ನಿಷೇಧದ ಮಾತಿಗೆ ಆಸ್ಪದವೇ ಕಡಿಮೆಯಾಗುತ್ತಿತ್ತು.

ಮುಧೋಳದ ಅವಕಾಶ

ಕರ್ನಾಟಕಕ್ಕೆ ಈ ವಿಷಯದಲ್ಲಿ ವಿಶೇಷ ಆಸಕ್ತಿಯಿರಬೇಕಾದುದು ಸಹಜ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯು ಸಂಸ್ಥಾನದ ಘೋರ್ಪಡೆ ಅರಸರ ಆಶ್ರಯದಲ್ಲಿ ಬೆಳೆದು ಬಂದ ತಳಿ. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ಹೊರಬಂದಿತು. 2016ರಲ್ಲಿ ಅದರ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರ ಸೇರಿದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಬಾನುಲಿ ಭಾಷಣದಲ್ಲಿ ಅದನ್ನು ಹೆಸರಿಸಿದರು. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೂ ಇದೆ. ಸುತ್ತಲಿನ ಹಳ್ಳಿಗಳ ರೈತ ಕುಟುಂಬಗಳಿಗೆ ಮರಿಗಳ ಮಾರಾಟವು ಬೇಸಾಯದ ಜೊತೆಗಿನ ಉಪ ಆದಾಯ.

ಒಂದೆರಡು ಹೆಣ್ಣುನಾಯಿಗಳನ್ನು ಅಂಗಳದಲ್ಲೇ ಸಾಕುವ ಇಂತಹ ಕುಟುಂಬವನ್ನೂ, ಗೂಡುಗಳ ಸಾಲಿನಲ್ಲಿ ವರ್ಷವಿಡೀ ಮರಿ ಹಾಕಿಸುವ ನಗರದ ವ್ಯಾಪಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಂಗಳದಲ್ಲಿ ಮಕ್ಕಳೊಡನೆ ಬೆಳೆದ ಮರಿಗೆ ಸಹವಾಸದ ಕೊರತೆಯಿರದು. ಕೊರತೆಯಿರುವುದು ಲಸಿಕೆಗೆ, ದಾಖಲೆಗೆ, ಎಂಟು ವಾರ ಕಾಯುವ ಆರ್ಥಿಕ ಶಕ್ತಿಗೆ. ಮುಂಗಡ ಹಿಡಿದು ಬಾಗಿಲಿಗೆ ಬಂದ ದಲ್ಲಾಳಿಗೆ ಐದನೆಯ ವಾರದಲ್ಲೇ ಮರಿಗಳು ಹೋಗುವುದು ಈ ಕಾರಣದಿಂದ. ಇವರು ಸಂಘ ಅಥವಾ ಉತ್ಪಾದಕರ ಕಂಪನಿಯನ್ನು ಕಟ್ಟಿಕೊಂಡು, ವಿಶ್ವವಿದ್ಯಾಲಯದ ಕೇಂದ್ರದ ಮಾರ್ಗದರ್ಶನದಲ್ಲಿ ಲಸಿಕೆ, ಚಿಪ್ ಮತ್ತು ನೋಂದಣಿಗಳನ್ನು ಒಟ್ಟಾಗಿ ನಿರ್ವಹಿಸಬಹುದು. ಕೊನೆಯ ನಾಲ್ಕು ವಾರಗಳ ವೆಚ್ಚಕ್ಕೆ ಸಹಕಾರಿ ಬ್ಯಾಂಕುಗಳು ಅಲ್ಪಾವಧಿ ಸಾಲ ನೀಡುವುದು ಅಸಾಧ್ಯದ ಮಾತಲ್ಲ.

ಕೊಳ್ಳುವವನ ಹೊಣೆ

ಕೊಳ್ಳುವವನು ಸಾಕಣೆದಾರನ ಸ್ಥಳಕ್ಕೆ ಹೋಗಬೇಕು. ತಾಯಿ ನಾಯಿಯನ್ನು ಕಣ್ಣಾರೆ ನೋಡಬೇಕು. ಅದು ಅಪರಿಚಿತರೊಡನೆ ಹೇಗೆ ವರ್ತಿಸುತ್ತದೆಂದು ಗಮನಿಸಬೇಕು. ನೋಂದಣಿ ಪತ್ರ, ಲಸಿಕೆಯ ಪುಸ್ತಕ, ರಸೀದಿ ಈ ಮೂರನ್ನೂ ಕೇಳಬೇಕು. ತಾಯಿಯನ್ನು ತೋರಿಸಲೊಪ್ಪದವನಿಂದ, ಬಸ್ಸಿನಲ್ಲಿ ಪಾರ್ಸೆಲ್ ಕಳುಹಿಸುತ್ತೇನೆಂಬವನಿಂದ ಕೊಳ್ಳದಿರುವುದೇ ಲೇಸು. ಒಳ್ಳೆಯ ಸಾಕಣೆದಾರನು ತಾನೂ ಪ್ರಶ್ನೆ ಕೇಳುತ್ತಾನೆ: ಮನೆಯಲ್ಲಿ ಹಗಲು ಯಾರಿರುತ್ತಾರೆ, ಓಡಾಡಲು ಜಾಗವಿದೆಯೆ, ಸಾಕಲಾಗದಿದ್ದರೆ ಹಿಂದಕ್ಕೆ ತಂದುಕೊಡುವಿರಾ? ಓಟಕ್ಕೆಂದೇ ಹುಟ್ಟಿದ ಮುಧೋಳದ ಮರಿಯನ್ನು ಇಕ್ಕಟ್ಟಾದ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಟ್ಟಿಹಾಕುವವನಿಗೆ ಮಾರಲು ನಿರಾಕರಿಸುವ ಸಾಕಣೆದಾರನು ವ್ಯಾಪಾರ ತಿಳಿಯದವನಲ್ಲ. ತನ್ನ ಹೆಸರನ್ನು ಕಾಪಾಡಿಕೊಳ್ಳುವವನು.

ವಾಣಿಜ್ಯ ಸಂಸ್ಥೆಗಳು ಈ ನಿಟ್ಟಿನಲ್ಲಿ ಮುಂದಾಗಿ ಸಾಕಣೆದಾರರು, ಅಂಗಡಿದಾರರು ಹಾಗೂ ಪಶುವೈದ್ಯರನ್ನು ಒಂದೆಡೆ ಸೇರಿಸಿ ಮಾದರಿ ಮಾರಾಟ ಪತ್ರವೊಂದನ್ನು ರೂಪಿಸುವುದು ಅಪೇಕ್ಷಣೀಯ. ಹುಟ್ಟಿದ ದಿನಾಂಕ, ಚಿಪ್ ಸಂಖ್ಯೆ, ಲಸಿಕೆಯ ವಿವರ, ತಂದೆತಾಯಿಯ ತಪಾಸಣೆ, ಮರಳಿ ಪಡೆಯುವ ಭರವಸೆ ಇವಿಷ್ಟು ಒಂದು ಪುಟದಲ್ಲಿ ಅಡಕವಾಗಬಲ್ಲವು. ಆ ಒಂದು ಪುಟವಿದ್ದರೆ ಎಂಟು ವಾರಗಳ ಕಾಣದ ದುಡಿಮೆ ಕೊಳ್ಳುವವನ ಕಣ್ಣಿಗೆ ಕಾಣುತ್ತದೆ, ಅದಕ್ಕೆ ತಕ್ಕ ಬೆಲೆಯೂ ದುಡಿದವನ ಕೈಗೆ ಸೇರುತ್ತದೆ.